ಪೆಬ್ರಿನ್: ರೇಷ್ಮೆ ಹುಳುವಿನ ಗಂಟು ರೋಗಕ್ಕೆ ಈ ಹೆಸರು ಎಲ್ಲಿಂದ ಬಂತು?

ಪದಸಂಚಿ (ಸರಸ್ವತಿಪುರಂ, ಮೈಸೂರು)

ರೇಷ್ಮೆ ಕೃಷಿಯ ಇಂಗ್ಲಿಷ್ ಪುಸ್ತಕ ಯಾವುದನ್ನೇ ತೆರೆದರೂ ‘ಪೆಬ್ರಿನ್’ ಅನ್ನೋ ಪದ ಸಿಗುತ್ತೆ. ಮಾಮೂಲಿ ನಿಘಂಟು ‘ರೇಷ್ಮೆ ಹುಳುವಿಗೆ ಬರುವ ಒಂದು ರೋಗ’ ಅಂತ ಹೇಳಿ ಮುಗಿಸುತ್ತೆ. ನಮ್ಮ ಕಡೆ ಇದನ್ನು ಗಂಟು ರೋಗ ಅಂತಾರೆ. ತಿಳಿದವರು ದಯವಿಟ್ಟು ಹೇಳಿ: ಪದದ ಮೂಲ ಯಾವುದು? ಉಚ್ಚಾರ ಪೆಬ್ರಿನ್ನೋ ಪೆಬ್ರೈನೋ? ‘ರೋಗರಹಿತ ಮೊಟ್ಟೆ’ ಅಂತ ಬಿತ್ತನೆ ಕೋಠಿಯವರು (ಹುಳುವಿನ ಮೊಟ್ಟೆ ತಯಾರಿಸಿ ಕೊಡುವವರು) ಕೊಡ್ತಾರಲ್ಲ, ಅಲ್ಲಿ ರೋಗ ಅಂದರೆ ಇದೊಂದೇನಾ, ಎಲ್ಲ ರೋಗವೂ ಸೇರುತ್ತಾ? ಕನ್ನಡದಲ್ಲಿ ಬರೆಯುವಾಗ ಯಾವ ಹೆಸರು ಬಳಸಿದರೆ ಒಳ್ಳೇದು ಅನ್ನೋದೂ ಬೇಕಿತ್ತು.

ನಿಘಂಟುಪ್ರಿಯೆ (ಕುವೆಂಪುನಗರ, ಮೈಸೂರು)

ಪದದ ತವರು ದಕ್ಷಿಣ ಫ್ರಾನ್ಸ್. ಅಲ್ಲಿನ ಜನರ ಆಕ್ಸಿಟನ್ ಭಾಷೆಯಲ್ಲಿ ಕರಿಮೆಣಸಿಗೆ ‘ಪೆಬ್ರೆ’ ಅಂತಾರೆ. ರೋಗ ಬಿದ್ದ ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಕಪ್ಪು ಚುಕ್ಕೆ ಏಳುತ್ತವೆ. ಅದಕ್ಕೇ ಹುಳು ಸಾಕುವವರು ಅದನ್ನು ‘ಪೆಬ್ರಿನೊ’ ಅಂದರು. ಪ್ಯಾರಿಸ್ಸಿನ ಶಿಷ್ಟ ಫ್ರೆಂಚಿನಲ್ಲಿ ಮೆಣಸಿಗೆ ‘ಪ್ವಾವ್ರ್’ ಅನ್ನುತ್ತಾರೆ, ಅದರಲ್ಲಿ ‘ಬ’ಕಾರವೇ ಇಲ್ಲ. ಅಂದರೆ ಈ ಹೆಸರು ವಿದ್ವಾಂಸರ ಕೋಣೆಯಲ್ಲಿ ಹುಟ್ಟಿದ್ದಲ್ಲ, ಹುಳು ಮನೆಯಲ್ಲಿ ಹುಟ್ಟಿದ್ದು. 1860ರ ಆಸುಪಾಸಿನಲ್ಲಿ ಕತ್ರಫಾಜ್ ಎಂಬ ಫ್ರೆಂಚ್ ಜೀವವಿಜ್ಞಾನಿ ಅದನ್ನು ತಮ್ಮ ಬರಹದಲ್ಲಿ ಬಳಸಿ ಶಾಸ್ತ್ರದ ಪದ ಮಾಡಿದರು. ಇಂಗ್ಲಿಷ್ ಅದನ್ನು ಫ್ರೆಂಚಿನಿಂದ ಹಾಗೇ ಎತ್ತಿಕೊಂಡಿತು.

ಇನ್ನೂ ಹಿಂದಕ್ಕೆ ಹೋದರೆ ದಾರಿ ನಮ್ಮ ಮನೆ ಬಾಗಿಲಿಗೇ ಬರುತ್ತೆ. ‘ಪೆಬ್ರೆ’ ಲ್ಯಾಟಿನ್ನಿನ ‘ಪಿಪೆರ್’ನಿಂದ, ಅದು ಗ್ರೀಕಿನ ‘ಪೆಪೆರಿ’ಯಿಂದ, ಗ್ರೀಕರಿಗೆ ಅದು ಸಿಕ್ಕಿದ್ದು ಭಾರತದ ‘ಪಿಪ್ಪಲಿ’ಯಿಂದ. ಪಿಪ್ಪಲಿ ಕನ್ನಡದಲ್ಲಿ ಪಕಾರ ಹಕಾರವಾಗಿ ‘ಹಿಪ್ಪಲಿ’ ಆಗಿದೆ. ಹಿಪ್ಪಲಿ ಕರಿಮೆಣಸಲ್ಲ, ಅದೇ ಕುಲದ ಉದ್ದನೆಯ ಕಾಯಿ, ಗ್ರಂದಿಗೆ ಅಂಗಡಿಯಲ್ಲಿ ಕೆಮ್ಮಿನ ಕಷಾಯಕ್ಕೆ ಕೇಳಿ ತರ್ತೀವಲ್ಲ, ಅದು. ಯುರೋಪಿಗೆ ಹೋದ ಮೇಲೆ ಅದರ ಹೆಸರು ಕರಿಮೆಣಸಿಗೂ ಅಂಟಿಕೊಂಡಿತು. ಇಂಗ್ಲಿಷಿನ ‘ಪೆಪ್ಪರ್’, ಫ್ರೆಂಚರ ‘ಪೆಬ್ರಿನ್’, ನಮ್ಮ ಹಿಪ್ಪಲಿ ಮೂರೂ ಒಂದೇ ಬಳ್ಳಿಯ ಕುಡಿಗಳು.

ಉಚ್ಚಾರದ ಬಗ್ಗೆ: ಕೊನೆಯ ಭಾಗ ‘ಮಷೀನ್’, ‘ರೊಟೀನ್’ ಪದಗಳಲ್ಲಿ ಇದ್ದ ಹಾಗೆ. ಇಂಗ್ಲಿಷಿನಲ್ಲಿ ‘ಪೇಬ್ರೀನ್’, ಒತ್ತು ‘ಬ್ರೀ’ ಮೇಲೆ. ‘ಲೈನ್’, ‘ವೈನ್’ ಕಾಗುಣಿತ ನೋಡಿ ‘ಪೆಬ್ರೈನ್’ ಅನ್ನೋದು ರೂಢಿಗೆ ಬಂದಿದೆ, ಅದಕ್ಕೆ ಆಧಾರ ಇಲ್ಲ. ಕನ್ನಡದಲ್ಲಿ ‘ಪೆಬ್ರಿನ್’ ನೆಲೆ ನಿಂತಿದೆ, ಹಾಗೇ ಬರೆಯೋಣ.

ಸೂಕ್ಷ್ಮದರ್ಶಿ (ಶ್ರೀರಾಂಪುರ, ಮೈಸೂರು)

ಮೇಡಂ ಮೂಲವನ್ನು ಚೆನ್ನಾಗಿ ಬಿಡಿಸಿದ್ದಾರೆ. ರೋಗ ಏನು ಅನ್ನೋದನ್ನು ನಾನು ಸೇರಿಸ್ತೀನಿ.

ರೋಗಕಾರಕದ ಹೆಸರು ನೊಸೀಮಾ ಬಾಂಬಿಸಿಸ್. 1857ರಲ್ಲಿ ನೇಗೆಲಿ ಎಂಬ ವಿಜ್ಞಾನಿ ಇಟ್ಟ ಹೆಸರು. ಮೈಕ್ರೊಸ್ಪೊರಿಡಿಯಾ ಅನ್ನೋ ಗುಂಪಿನ ಏಕಕೋಶ ಪರಾವಲಂಬಿ, ಜೀವಕೋಶದ ಒಳಗೇ ಬೆಳೆಯುತ್ತೆ. ಅದರ ಬೀಜಾಣು ಮೊಟ್ಟೆಯಾಕಾರ, ಉದ್ದ 3ರಿಂದ 4 ಮೈಕ್ರಾನ್, ಅಗಲ ಸುಮಾರು 2 ಮೈಕ್ರಾನ್. ಹರಡೋದು ಎರಡು ದಾರಿಯಲ್ಲಿ. ಒಂದು, ತಾಯಿ ಚಿಟ್ಟೆಯ ಅಂಡಾಶಯದಿಂದ ಮೊಟ್ಟೆಗೆ. ಇನ್ನೊಂದು, ರೋಗದ ಹುಳುವಿನ ಹಿಕ್ಕೆ ಸೊಪ್ಪಿಗೆ ತಾಗಿ, ಆ ಸೊಪ್ಪು ತಿಂದ ಹುಳುವಿನ ಹೊಟ್ಟೆಗೆ.

ರೇಷ್ಮೆಯಲ್ಲಿ ಗಂಟು ರೋಗಕ್ಕೆ ಬೇರೆ ರೋಗಗಳಿಗಿಲ್ಲದ ಭಯ ಇರೋದು ಮೊದಲನೇ ದಾರಿಯಿಂದ. ಮೊಟ್ಟೆಯಲ್ಲೇ ರೋಗ ಹೊತ್ತ ಮರಿ ಬಹುತೇಕ ನಾಲ್ಕನೇ ಜ್ವರ (ಹುಳು ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು) ದಾಟುವುದಿಲ್ಲ. ಸಾಯುವ ಮೊದಲು ಅದು ಹಾಕುವ ಹಿಕ್ಕೆ ಇಡೀ ತಟ್ಟೆಗೆ ರೋಗ ಹಚ್ಚುತ್ತೆ. ಐದನೇ ಹಂತದಲ್ಲಿ ಸೋಂಕು ತಗುಲಿದ ಹುಳು ಮಾತ್ರ ಹಣ್ಣಾಗಿ ಗೂಡು ಕಟ್ಟಿಬಿಡುತ್ತೆ, ನೋಡಿದರೆ ಏನೂ ಗೊತ್ತಾಗಲ್ಲ. ಆ ಗೂಡು ಬಿತ್ತನೆ ಗೂಡಾಗಿ ಹೋದರೆ ಚಿಟ್ಟೆ ಹೊರಬಂದು ರೋಗದ ಮೊಟ್ಟೆ ಇಡುತ್ತೆ. ಔಷಧಿ ಇಲ್ಲ. ಅದಕ್ಕೇ ಕಾವಲು ನಿಂತಿರೋದು ಮೊಟ್ಟೆಯ ಹಂತದಲ್ಲಿ.

ಪದಸಂಚಿ

ಹಾಗಾದರೆ ಪಾಶ್ಚರ್ ಹೆಸರು ಇದಕ್ಕೆ ಹೇಗೆ ಅಂಟಿಕೊಂಡಿತು? ‘ಗ್ರೇನೇಜ್’ ಅನ್ನೋ ಪದಕ್ಕೂ ಇದಕ್ಕೂ ನಂಟಿದೆಯಾ?

ನಿಘಂಟುಪ್ರಿಯೆ

ಇದೆ, ಹತ್ತಿರದ ನಂಟೇ. ಫ್ರೆಂಚಿನಲ್ಲಿ ‘ಗ್ರೆನ್’ ಅಂದರೆ ಬೀಜ, ರೇಷ್ಮೆಯವರ ಬಾಯಲ್ಲಿ ಅದು ಹುಳುವಿನ ಮೊಟ್ಟೆ. ಮೊಟ್ಟೆ ತಯಾರಿಸುವ ಕೆಲಸ ‘ಗ್ರೆನಾಜ್’, ಅದೇ ಇಂಗ್ಲಿಷಿನ ಗ್ರೇನೇಜ್. ಇಂಗ್ಲಿಷಿನಲ್ಲಿ ಅದು ಆ ಕೆಲಸ ನಡೆಯುವ ಜಾಗದ ಹೆಸರೂ ಆಯಿತು. ಕನ್ನಡದ ‘ಬಿತ್ತನೆ ಕೋಠಿ’ಯಲ್ಲೂ ಮೊಟ್ಟೆಯನ್ನು ಬೀಜ ಅಂತಲೇ ಎಣಿಸಿದ್ದೇವೆ.

ಫ್ರಾನ್ಸಿನಲ್ಲಿ 1853ರಲ್ಲಿ ಸುಮಾರು 26,000 ಟನ್ ಗೂಡು ಬೆಳೆಯುತ್ತಿತ್ತು, 1865ರ ಹೊತ್ತಿಗೆ ಅದು 4,000 ಟನ್‌ಗೆ ಕುಸಿಯಿತು. ಆ ವರ್ಷ ರಸಾಯನಶಾಸ್ತ್ರಜ್ಞ ದ್ಯೂಮಾ ಒತ್ತಾಯಿಸಿ ಲೂಯಿ ಪಾಶ್ಚರ್ ಅವರನ್ನು ದಕ್ಷಿಣದ ಅಲೆಸ್ ಪಟ್ಟಣಕ್ಕೆ ಕಳಿಸಿದರು. ಪಾಶ್ಚರ್ ಅದುವರೆಗೆ ರೇಷ್ಮೆ ಹುಳುವಿನ ಮೇಲೆ ಕೆಲಸ ಮಾಡಿದವರೇ ಅಲ್ಲ. ಹೊಳೆಯುವ ಬೀಜಾಣುಗಳನ್ನು ಇಟಲಿಯ ಕೊರ್ನಾಲಿಯ ಮೊದಲೇ ಗಮನಿಸಿದ್ದರು. ಅವನ್ನೇ ಗುರುತಾಗಿ ಇಟ್ಟುಕೊಂಡು ಮೊಟ್ಟೆ ಆರಿಸುವ ಪದ್ಧತಿಯನ್ನು ಪಾಶ್ಚರ್ ರೂಪಿಸಿದರು: ಕೂಡಿದ ಹೆಣ್ಣು ಚಿಟ್ಟೆಗಳನ್ನು ಬಿಡಿಬಿಡಿಯಾಗಿ ಒಂದೊಂದು ಬಟ್ಟೆ ತುಂಡಿನ ಮೇಲೆ ಮೊಟ್ಟೆ ಇಡಲು ಬಿಡಬೇಕು, ಆಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಬೀಜಾಣು ಕಂಡರೆ ಆ ತುಂಡನ್ನು ಮೊಟ್ಟೆ ಸಮೇತ ಸುಡಬೇಕು. ರೇಷ್ಮೆ ಹುಳುವಿನ ರೋಗಗಳ ಬಗ್ಗೆ ಅವರ ಗ್ರಂಥ 1870ರಲ್ಲಿ ಬಂತು. ‘ಪೆಬ್ರಿನ್’ ಅನ್ನೋ ಹಳ್ಳಿಯ ಮಾತು ಜಗತ್ತಿನ ರೇಷ್ಮೆ ನಾಡುಗಳಿಗೆಲ್ಲ ತಲುಪಿದ್ದು ಈ ಪದ್ಧತಿಯ ಜೊತೆಗೆ.

ಸೂಕ್ಷ್ಮದರ್ಶಿ

ಪದಸಂಚಿ ಸರ್ ಕೇಳಿದ ಮೂರನೇ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತೆ. ಪಾಶ್ಚರ್ ಕೆಲಸದ ನಡುವೆ ಗೊತ್ತಾಗಿದ್ದು ಏನೆಂದರೆ, ಬೀಜಾಣು ಇಲ್ಲದ ಮೊಟ್ಟೆಯ ಹುಳುವೂ ಸಾಯುತ್ತಿದ್ದವು. ಅದು ಬೇರೆಯೇ ರೋಗ, ಫ್ಲಾಶರಿ, ನಮ್ಮ ಸಪ್ಪೆ ರೋಗ. ಎರಡೂ ಒಂದೇ ಮನೆಯಲ್ಲಿ ಇದ್ದದ್ದರಿಂದ ಬಹಳ ಕಾಲ ಗೊಂದಲ ಆಗಿತ್ತು. ತಾಯಿ ಚಿಟ್ಟೆ ಪರೀಕ್ಷೆಯಲ್ಲಿ ಹುಡುಕೋದು ಪೆಬ್ರಿನ್ ಬೀಜಾಣು ಮಾತ್ರ. ಹಾಗಾಗಿ ‘ರೋಗರಹಿತ ಮೊಟ್ಟೆ’ ಅಂದರೆ ಗಂಟು ರೋಗ ಇಲ್ಲದ ಮೊಟ್ಟೆ, ಅಷ್ಟೇ. ಹಾಲು ತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು ಬರಲ್ಲ ಅನ್ನೋ ಭರವಸೆ ಆ ಪದದಲ್ಲಿ ಇಲ್ಲ. ಬೆಳೆ ಹೋದಾಗಲೆಲ್ಲ ‘ಮೊಟ್ಟೆ ಸರಿ ಇರಲಿಲ್ಲ’ ಅಂತ ದೂರೋದು, ಹುಳು ಮನೆಯ ಶುಚಿ, ಶಾಖ, ಸೊಪ್ಪು ಯಾವುದನ್ನೂ ನೋಡದೇ ಇರೋದು, ಇವೆರಡೂ ಈ ಪದವನ್ನು ಪೂರ್ತಿ ಅರ್ಥ ಮಾಡಿಕೊಳ್ಳದ್ದರಿಂದ ಆಗುವ ನಷ್ಟ.

ಬನ್ನೂರು ಸೊಪ್ಪು

ಸರ್, ಪರೀಕ್ಷೆ ಮಾಡೋದು ಹೇಗೆ ಅಂತ ಬಿಡಿಸಿ ಹೇಳ್ತೀರಾ? ಬಿತ್ತನೆ ಗೂಡು ಬೆಳೆಯೋರಿಗೆ ಇದು ಗೊತ್ತಿದ್ದರೆ ಒಳ್ಳೇದು.

ಸೂಕ್ಷ್ಮದರ್ಶಿ

ಮೂಲ ಬಿತ್ತನೆಯ (ಮುಂದೆ ಬಿತ್ತನೆ ಗೂಡು ಬೆಳೆಯೋಕೆ ಹೋಗುವ ಮೊಟ್ಟೆ) ಹಂತದಲ್ಲಿ ತಾಯಿ ಚಿಟ್ಟೆ ಒಂದನ್ನೂ ಬಿಡದೆ ನೋಡಬೇಕು. ಚಿಟ್ಟೆಯ ಹೊಟ್ಟೆ ಭಾಗವನ್ನು ಪುಟ್ಟ ಕಲ್ಲುಗುಂಡಿಯಲ್ಲಿ ಹಾಕಿ, ಶೇ 0.6ರ ಪೊಟಾಸಿಯಂ ಕಾರ್ಬೊನೇಟ್ ದ್ರಾವಣ ಕೆಲವು ಹನಿ ಬಿಟ್ಟು ನುಣ್ಣಗೆ ಅರೆಯಬೇಕು. ಒಂದು ಲೀಟರ್ ನೀರಿಗೆ 6 ಗ್ರಾಂ ಹಾಕಿದರೆ ಆ ದ್ರಾವಣ ಸಿಗುತ್ತೆ. ಅದರ ಕೆಲಸ ಕೊಬ್ಬನ್ನು ಕರಗಿಸೋದು. ಅರೆದದ್ದರಲ್ಲಿ ಒಂದು ಹನಿ ಗಾಜಿನ ಪಟ್ಟಿಯ ಮೇಲೆ ಇಟ್ಟು, ಕವರ್ ಸ್ಲಿಪ್ ಮುಚ್ಚಿ, 600 ಪಟ್ಟು ದೊಡ್ಡದು ಮಾಡಿ ನೋಡಬೇಕು. ಒಂದೇ ಜಾಗ ನೋಡಿ ‘ಇಲ್ಲ’ ಅನ್ನಬಾರದು, ಪಟ್ಟಿ ಸರಿಸಿ ಸರಿಸಿ ಹಲವು ಜಾಗ ನೋಡಬೇಕು.

ವಾಣಿಜ್ಯ ಬಿತ್ತನೆಯಲ್ಲಿ ಚಿಟ್ಟೆಯ ಸಂಖ್ಯೆ ಬಹಳ, ಅಲ್ಲಿ ಮಾದರಿ ತೆಗೆದು ಗುಂಪಾಗಿ ಪರೀಕ್ಷೆ. ಒಣಗಿಸಿದ ಚಿಟ್ಟೆಗಳನ್ನು ಅದೇ ದ್ರಾವಣದ ಜೊತೆ ಮಿಕ್ಸಿಯಲ್ಲಿ ತಿರುವಿ, ಹತ್ತಿ ಅಥವಾ ತೆಳು ಬಟ್ಟೆಯಲ್ಲಿ ಸೋಸಿ, ಸೋಸಿದ್ದನ್ನು ಸೆಂಟ್ರಿಫ್ಯೂಜಿನಲ್ಲಿ ನಿಮಿಷಕ್ಕೆ 3,000 ಸುತ್ತಿನಂತೆ ಕೆಲವು ನಿಮಿಷ ತಿರುಗಿಸ್ತಾರೆ. ಮೇಲಿನ ನೀರು ಚೆಲ್ಲಿ ತಳದ ಗಸಿಯಿಂದ ಒಂದು ಹನಿ ತೆಗೆದು ನೋಡ್ತಾರೆ. ಬೀಜಾಣು ಭಾರ, ತಳದಲ್ಲಿ ಕೂತಿರುತ್ತೆ.

ಎಡವಟ್ಟು ಆಗೋ ಕಡೆ ಹೇಳ್ತೀನಿ. ಅರೆದದ್ದು ಸಾಲದಿದ್ದರೆ ಬೀಜಾಣು ಅಂಗಾಂಶದಿಂದ ಬಿಡಿಸಿಕೊಳ್ಳಲ್ಲ, ರೋಗ ಇದ್ದೂ ಇಲ್ಲ ಅನ್ನಿಸುತ್ತೆ. ಕಲ್ಲುಗುಂಡಿ ಸರಿಯಾಗಿ ತೊಳೆಯದಿದ್ದರೆ ಹಿಂದಿನ ಚಿಟ್ಟೆಯ ಬೀಜಾಣು ಮುಂದಿನದಕ್ಕೆ ಬಂದು ಒಳ್ಳೆಯ ಮೊಟ್ಟೆಯನ್ನೂ ಸುಡಬೇಕಾಗುತ್ತೆ. ಸೋಸುವ ಕೆಲಸ ಬಿಟ್ಟರೆ ರೆಕ್ಕೆಯ ಹುರುಪೆ ಗಾಜಿನ ತುಂಬ ಹರಡಿ ಕಣ್ಣಿಗೆ ಏನೂ ಕಾಣಲ್ಲ. ಹೊಸಬರು ಕೊಬ್ಬಿನ ಗುಳ್ಳೆಯನ್ನು ಬೀಜಾಣು ಅಂತ ತಿಳಿಯೋದು ಎಲ್ಲಕ್ಕಿಂತ ಹೆಚ್ಚು. ಕೊಬ್ಬಿನ ಗುಳ್ಳೆ ದುಂಡಗೆ, ಒಂದು ದೊಡ್ಡದು ಒಂದು ಸಣ್ಣದು. ಪೆಬ್ರಿನ್ ಬೀಜಾಣು ಎಲ್ಲ ಹೆಚ್ಚುಕಡಿಮೆ ಒಂದೇ ಅಳತೆ, ಮೊಟ್ಟೆಯಾಕಾರ, ಅಂಚು ಸ್ಪಷ್ಟ, ಫೋಕಸ್ ತುಸು ಆಚೀಚೆ ಮಾಡಿದರೆ ಫಳಫಳ ಹೊಳೆಯುತ್ತೆ, ನಿಂತಲ್ಲೇ ನಡುಗುತ್ತಿರುತ್ತೆ. ಸುಣ್ಣಕಟ್ಟಿನ ಶಿಲೀಂಧ್ರದ ಬೀಜಾಣು ದುಂಡಗೆ, ಇದಕ್ಕಿಂತ ಸಣ್ಣದು.

ಮದ್ದೂರು ರೇಷ್ಮೆ

ಅಷ್ಟೆಲ್ಲ ಯಾಕೆ? ಹೆಸರೇ ಹೇಳುತ್ತಲ್ಲ, ಹುಳುವಿನ ಮೇಲೆ ಕರಿಚುಕ್ಕೆ ಕಂಡರೆ ಗಂಟು ರೋಗ. ರೈತರಿಗೆ ಆ ಗುರುತು ಸಾಕು.

ಚಾಕಿ ಮನೆ (ಮಳವಳ್ಳಿ)

ಸಾಕಾಗಲ್ಲ ಅಣ್ಣ. ಮಂಡ್ಯ ಕಡೆ ಕರಿಚುಕ್ಕೆ ನೋಡಿ ಹೆದರಿದವರಲ್ಲಿ ಬಹಳ ಜನರ ಮನೆಯಲ್ಲಿ ಇರೋದು ಊಜಿ. ಊಜಿ ನೊಣ 1980ರಲ್ಲಿ ಕರ್ನಾಟಕಕ್ಕೆ ನುಗ್ಗಿತು. ಪಾಶ್ಚರ್ ಕಾಲದ ಫ್ರಾನ್ಸಿನವರಿಗೆ ಈ ಗೊಂದಲ ಇರಲಿಲ್ಲ, ನಮಗಿದೆ.

ಗುರುತು ಹಿಡಿಯೋದು ಹೀಗೆ. ಊಜಿ ನೊಣ ಹುಳುವಿನ ಮೈಮೇಲೆ ಬಿಳಿ ಮೊಟ್ಟೆ ಇಡುತ್ತೆ, ಮರಿ ಒಳಗೆ ಕೊರೆದು ಹೋದ ಜಾಗದಲ್ಲಿ ಕಪ್ಪು ಕಲೆ ಬೀಳುತ್ತೆ. ಕಲೆ ಒಂದೋ ಎರಡೋ, ದೊಡ್ಡದು, ಪಕ್ಕದಲ್ಲಿ ಮೊಟ್ಟೆಯ ಬಿಳಿ ಸಿಪ್ಪೆ ಅಂಟಿರೋದು ಕಾಣಬಹುದು. ಕಾಟ ಹೆಚ್ಚಾಗಿ ನಾಲ್ಕು ಮತ್ತು ಐದನೇ ಹಂತದಲ್ಲಿ. ಪೆಬ್ರಿನ್ ಚುಕ್ಕೆ ಸಣ್ಣ, ಬಹಳ, ಅಡ್ಡಾದಿಡ್ಡಿ ಚೆಲ್ಲಿರುತ್ತೆ. ಇಕ್ಕಟ್ಟಾದ ತಟ್ಟೆಯಲ್ಲಿ ಹುಳು ಒಂದರ ಮೇಲೊಂದು ಹತ್ತಿ ಕಾಲಿನ ಉಗುರು ತಾಗಿದರೂ ಕಪ್ಪು ಗೀರು ಬೀಳುತ್ತೆ, ಅದು ರೋಗವೇ ಅಲ್ಲ. ಇನ್ನೊಂದು ಮಾತು, ಎಷ್ಟೋ ರೋಗದ ಹುಳುವಿನ ಮೈಮೇಲೆ ಚುಕ್ಕೆ ಬರೋದೇ ಇಲ್ಲ.

ಚುಕ್ಕೆಗಿಂತ ಮೊದಲು ನೋಡಬೇಕಾದ್ದು ಹುಳುವಿನ ಸಮ. ಒಂದೇ ದಿನ ಚಾಕಿ ಕಟ್ಟಿದ (ಹೊಸದಾಗಿ ಒಡೆದ ಮರಿ ಸಾಕೋಕೆ ಶುರು ಮಾಡಿದ) ತಟ್ಟೆಯಲ್ಲಿ ಅರ್ಧ ಹುಳು ಎರಡನೇ ಜ್ವರಕ್ಕೆ ಕೂತು, ಕಾಲುಭಾಗ ಇನ್ನೂ ಸೊಪ್ಪು ತಿನ್ನುತ್ತಾ, ಉಳಿದದ್ದು ಸಣ್ಣದಾಗಿ ಸೊಪ್ಪಿನ ಕೆಳಗೆ ಸೇರಿಕೊಂಡಿದ್ದರೆ ಆಗ ಅನುಮಾನ ಪಡಬೇಕು. ಚಾಕಿಗೆ ಶಾಖ 27ರಿಂದ 28 ಡಿಗ್ರಿ, ತೇವಾಂಶ ಶೇ 85ರ ಮೇಲೆ ಇಟ್ಟು, ಎಳೆ ಸೊಪ್ಪು ಹೊತ್ತಿಗೆ ಸರಿಯಾಗಿ ಹಾಕಿಯೂ ಹುಳು ಸಮ ಬರುತ್ತಿಲ್ಲ ಅಂದರೆ ಪರೀಕ್ಷೆಗೆ ಕಳಿಸಲೇಬೇಕು. ಶಾಖ, ಸೊಪ್ಪು ಸರಿ ಇಲ್ಲದಿದ್ದರೆ ರೋಗ ಇಲ್ಲದೆಯೂ ಹುಳು ಹೀಗೆ ಏರುಪೇರಾಗುತ್ತೆ, ಅದನ್ನು ಮೊದಲು ನೋಡಿಕೊಳ್ಳಿ. ಮೊಟ್ಟೆ ಹಾಳೆಯಲ್ಲೂ ಸುಳಿವು ಇರುತ್ತೆ: ಮೊಟ್ಟೆ ಗುಪ್ಪೆಗುಪ್ಪೆಯಾಗಿ ಇಟ್ಟಿರೋದು, ಅಂಟು ಹಿಡಿಯದೆ ಉದುರೋದು, ಮರಿ ಒಡೆಯೋದು ಎರಡು ಮೂರು ದಿನ ಎಳೆಯೋದು.

ಸೂಕ್ಷ್ಮದರ್ಶಿ

ಚಾಕಿ ಮನೆಯವರ ಮಾತಿಗೆ ಒಂದು ಸೇರಿಸ್ತೀನಿ. ದೊಡ್ಡ ಹುಳುವನ್ನು ಸೀಳಿ ನೋಡಿದರೆ ರೇಷ್ಮೆ ಗ್ರಂಥಿ ಆರೋಗ್ಯದ ಹುಳುವಿನಲ್ಲಿ ಗಾಜಿನ ಹಾಗೆ ತಿಳಿಯಾಗಿರುತ್ತೆ. ಗಂಟು ರೋಗದಲ್ಲಿ ಅದರ ಮೇಲೆ ಹಾಲಿನ ಬಣ್ಣದ ಬೊಕ್ಕೆ ಎದ್ದಿರುತ್ತವೆ. ಬರಿಗಣ್ಣಿಗೆ ಸಿಗುವ ಗುರುತುಗಳಲ್ಲಿ ನಂಬಬಹುದಾದ್ದು ಇದು. ಕೊನೆಯ ತೀರ್ಮಾನಕ್ಕೆ ಸೂಕ್ಷ್ಮದರ್ಶಕವೇ ಬೇಕು.

ಮದ್ದೂರು ರೇಷ್ಮೆ

ಸರಿ, ಊಜಿ ಕಲೆ ವಿಷಯ ಒಪ್ಪಿದೆ. ಪರೀಕ್ಷೆಯಲ್ಲಿ ಗಂಟು ರೋಗ ಅಂತ ಬಂತು ಅಂದುಕೊಳ್ಳಿ. ಮನೆಗೆ ಬ್ಲೀಚಿಂಗ್ ಪುಡಿ ಹೊಡೆದರೆ ಮುಂದಿನ ಬೆಳೆಗೆ ಭಯ ಇಲ್ಲವಾ?

ಚಾಕಿ ಮನೆ (ಮಳವಳ್ಳಿ)

ಹೊಡೆಯುವ ಕ್ರಮ ಸರಿ ಇದ್ದರೆ ಮಾತ್ರ. ಮೊದಲು ಹುಳು, ಹಾಸಿಗೆ, ಹಿಕ್ಕೆ ಎಲ್ಲ ಸುಡಬೇಕು. ತಿಪ್ಪೆಗೆ ಹಾಕಿ ಅದೇ ಗೊಬ್ಬರ ಹಿಪ್ಪುನೇರಳೆ ತೋಟಕ್ಕೆ ಹಾಕಿದರೆ ಬೀಜಾಣು ಸೊಪ್ಪಿನ ಜೊತೆ ವಾಪಸ್ ಮನೆಗೆ ಬರುತ್ತೆ.

ಗುಡಿಸೋಕೆ ಮುಂಚೆಯೇ ಒಂದು ಸಲ ದ್ರಾವಣ ಹೊಡೆಯಿರಿ. ಒಣ ಮನೆ ಗುಡಿಸಿದರೆ ಧೂಳಿನ ಜೊತೆ ಬೀಜಾಣು ಸೂರಿಗೆ ಏರುತ್ತೆ. ಆಮೇಲೆ ಗುಡಿಸಿ, ತೊಳೆದು, ಇನ್ನೊಂದು ಸಲ ಹೊಡೆಯಬೇಕು. ದ್ರಾವಣ ಅಂದರೆ ಬ್ಲೀಚಿಂಗ್ ಪುಡಿ ಶೇ 2, ಅರಳಿದ ಸುಣ್ಣದ ಪುಡಿ ಶೇ 0.3. ಹತ್ತು ಲೀಟರ್ ನೀರಿಗೆ 200 ಗ್ರಾಂ ಪುಡಿ, 30 ಗ್ರಾಂ ಸುಣ್ಣ. ಚದರಡಿಗೆ 140 ಮಿ.ಲೀ. ಲೆಕ್ಕ ಹಿಡಿದರೆ 20 ಅಡಿಗೆ 15 ಅಡಿಯ ಹುಳು ಮನೆಗೆ 42 ಲೀಟರ್ ಬೇಕು, ಅದಕ್ಕೆ ಪುಡಿ 840 ಗ್ರಾಂ, ಸುಣ್ಣ 126 ಗ್ರಾಂ. ಪುಡಿಯನ್ನು ಮೊದಲು ಸ್ವಲ್ಪ ನೀರಲ್ಲಿ ಗಂಟಿಲ್ಲದೆ ಕಲಸಿ, ಉಳಿದ ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿ ಮಾತ್ರ ಪಂಪಿಗೆ ಹಾಕಿ. ಇಲ್ಲದಿದ್ದರೆ ನಾಜಲ್ ಕಟ್ಟುತ್ತೆ.

ತಪ್ಪಿಹೋಗೋದು ಹೆಚ್ಚಾಗಿ ಪುಡಿಯಲ್ಲೇ. ಕ್ಲೋರಿನ್ ಶೇ 30 ಇರುವ ಹೊಸ ಪುಡಿ ಆಗಬೇಕು. ಬಾಯಿ ಬಿಚ್ಚಿ ತಿಂಗಳುಗಟ್ಟಲೆ ಇಟ್ಟ ಚೀಲದಲ್ಲಿ ಕ್ಲೋರಿನ್ ಹಾರಿಹೋಗಿರುತ್ತೆ, ಮುದ್ದೆ ಕಟ್ಟಿ ವಾಸನೆ ಕಮ್ಮಿಯಾಗಿದ್ದರೆ ಅದು ಬರೀ ಸುಣ್ಣದ ಸಮ. ಕಬ್ಬಿಣದ ಸ್ಟ್ಯಾಂಡಿಗೆ ಬ್ಲೀಚಿಂಗ್ ತುಕ್ಕು ಹಿಡಿಸುತ್ತೆ, ಅಲ್ಲಿಗೆ ಫಾರ್ಮಾಲಿನ್ ಶೇ 2 ಬಳಸಬಹುದು: ಶೇ 36ರ ಫಾರ್ಮಾಲಿನ್ 1 ಲೀಟರಿಗೆ 17 ಲೀಟರ್ ನೀರು. ಫಾರ್ಮಾಲಿನ್ನಿಗೆ ಮನೆ ಗಾಳಿಯಾಡದಂತೆ ಮುಚ್ಚಿರಬೇಕು, ಶಾಖ 25 ಡಿಗ್ರಿಯ ಮೇಲಿರಬೇಕು, ಚಳಿಯಲ್ಲಿ ಅದು ಕೆಲಸ ಮಾಡಲ್ಲ. ಎರಡನ್ನೂ ಒಂದೇ ಪಂಪಿನಲ್ಲಿ ಬೆರೆಸಬೇಡಿ. ಕೈಗವಸು, ಮೂಗಿಗೆ ಮಾಸ್ಕ್ ಕಡ್ಡಾಯ.

ಪದಸಂಚಿ

ಫ್ಲಾಶರಿ ಅಂದಿರಿ. ಉಳಿದ ರೋಗಗಳ ಇಂಗ್ಲಿಷ್ ಹೆಸರೂ ಅದೇ ಊರಿನವಾ?

ನಿಘಂಟುಪ್ರಿಯೆ

ಎಲ್ಲ ಫ್ರೆಂಚಿನ ಮೂಲಕ ಬಂದವು, ಎಲ್ಲವೂ ಕಣ್ಣಿಗೆ ಕಂಡದ್ದರ ಹೆಸರು. ಫ್ಲಾಶರಿ ಅಂದರೆ ಮೈ ಸಡಿಲ ಬಿದ್ದು ಜೋಲುವುದು. ಗ್ರಾಸರಿಯಲ್ಲಿ ‘ಗ್ರಾ’ ಅಂದರೆ ಕೊಬ್ಬಿದ್ದು. ವೈರಸ್ ತಗುಲಿ ಹುಳು ಊದಿಕೊಳ್ಳುತ್ತೆ, ಚರ್ಮ ಒಡೆದು ಹಾಲಿನಂಥ ರಸ ಸುರಿಯುತ್ತೆ. ಫ್ರೆಂಚರು ಊದಿದ್ದನ್ನು ಹಿಡಿದರು, ನಾವು ಹಾಲನ್ನು ಹಿಡಿದು ಹಾಲು ತೊಂಡೆ ಅಂದೆವು. ಮಸ್ಕಾರ್ಡಿನ್ ಒಂದು ಬಗೆಯ ಮಿಠಾಯಿಯ ಹೆಸರಿನಿಂದ ಬಂದದ್ದು. ಸತ್ತ ಹುಳು ಗಟ್ಟಿಯಾಗಿ ಬಿಳಿ ಪುಡಿ ಮೆತ್ತಿಕೊಂಡು ಸಕ್ಕರೆ ಸುತ್ತಿದ ಮಿಠಾಯಿಯ ಹಾಗೆ ಕಾಣುತ್ತೆ. ಇಟಲಿಯವರು ಇದನ್ನು ‘ಕಾಲ್ಚಿನೊ’ ಅಂದರು, ‘ಕಾಲ್ಚೆ’ ಅಂದರೆ ಸುಣ್ಣ. ನಮ್ಮ ‘ಸುಣ್ಣಕಟ್ಟು’ ಅದೇ ಕಣ್ಣಿನಿಂದ ನೋಡಿದ ಹೆಸರು. 1835ರಲ್ಲಿ ಆಗೊಸ್ಟಿನೊ ಬಾಸ್ಸಿ ಇದಕ್ಕೆ ಶಿಲೀಂಧ್ರ ಕಾರಣ ಅಂತ ತೋರಿಸಿದರು. ಆ ಶಿಲೀಂಧ್ರಕ್ಕೆ ಬ್ಯೂವೇರಿಯಾ ಬಾಸ್ಸಿಯಾನ ಅಂತ ಅವರದೇ ಹೆಸರಿದೆ.

ಬಳಕೆಯ ಪ್ರಶ್ನೆಗೆ: ಇಂಗ್ಲಿಷಿನಲ್ಲಿ ಪೆಬ್ರಿನ್ ನಾಮಪದ, ಬಹುವಚನ ಬಳಸುವುದಿಲ್ಲ. ಮನುಷ್ಯರಿಗೋ ದನಕರುಗಳಿಗೋ ಬರುವ ರೋಗಕ್ಕೆ ಈ ಪದ ಹಾಕಬಾರದು, ರೇಷ್ಮೆ ಹುಳುವಿಗೇ ಮೀಸಲು. ಕನ್ನಡದಲ್ಲಿ ಬರೀ ‘ಗಂಟು ರೋಗ’ ಅಂದರೆ ಈಗ ತೊಡಕಿದೆ. ದನಗಳ ಚರ್ಮಗಂಟು ರೋಗದ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಓದುವವರ ತಲೆಗೆ ಮೊದಲು ಬರೋದು ಅದೇ.

ಬನ್ನೂರು ಸೊಪ್ಪು

ಮೇಡಂ, ರೇಷ್ಮೆಯೊಳಗೇ ಇನ್ನೊಂದು ತೊಡಕಿದೆ. ಹಿಪ್ಪುನೇರಳೆ ಗಿಡಕ್ಕೆ ಜಂತುಹುಳುವಿನಿಂದ ಬೇರುಗಂಟು ರೋಗ ಬರುತ್ತೆ. ಅಂಗಡಿಯಲ್ಲಿ ‘ಗಂಟು ರೋಗಕ್ಕೆ ಏನಾದರೂ ಕೊಡಿ’ ಅಂದರೆ ಬೇರಿಗೆ ಹಾಕುವ ಔಷಧಿ ಕೈಗೆ ಬರುತ್ತೆ. ಅದಕ್ಕೆ ‘ಹುಳುವಿನ ಗಂಟು ರೋಗ’ ಅಂತ ಪೂರ್ತಿ ಹೇಳೋದು, ಬರೆಯುವಾಗ ಪಕ್ಕದಲ್ಲೇ ಪೆಬ್ರಿನ್ ಅಂತ ಸೇರಿಸೋದು ಒಳ್ಳೇದು.

ನಿಘಂಟುಪ್ರಿಯೆ

ಒಪ್ಪಿದೆ. ‘ಪೆಬ್ರಿನ್ ಗಂಟು ರೋಗ’ ಅಂತ ಜೋಡಿಸಿ ಬರೆದರೂ ನಡೆಯುತ್ತೆ.

ಮದ್ದೂರು ರೇಷ್ಮೆ

ಅನುಮಾನ ಬಂದಾಗ ಪರೀಕ್ಷೆಗೆ ಏನು ತಗೊಂಡು ಹೋಗಬೇಕು?

ಸೂಕ್ಷ್ಮದರ್ಶಿ

ತಡವಾಗಿ ಬೆಳೆದ ಹುಳು, ಜ್ವರದಿಂದ ಏಳದೆ ಉಳಿದ ಹುಳು, ಇಂಥವನ್ನೇ ಆರಿಸಿ ಇಪ್ಪತ್ತು ಮೂವತ್ತು ತಗೊಳ್ಳಿ. ದಪ್ಪಗಿರುವ ಚೆಂದದ ಹುಳು ತಂದರೆ ರೋಗ ಇದ್ದರೂ ಸಿಗದೇ ಹೋಗಬಹುದು. ಚಾಕಿ ಹಂತವಾದರೆ ಮರಿ ಒಡೆದ ಮೊಟ್ಟೆ ಹಾಳೆಯನ್ನು ಹಾಗೇ ತನ್ನಿ, ಒಡೆಯದೆ ಉಳಿದ ಮೊಟ್ಟೆಯಲ್ಲಿ ಬೀಜಾಣು ಸಿಗುತ್ತೆ. ಒಂದು ಹಿಡಿ ಒಣ ಹಿಕ್ಕೆ ಬೇರೆ ಪೊಟ್ಟಣದಲ್ಲಿ ಇರಲಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಟ್ಟಿದರೆ ಹುಳು ಕೊಳೆತು ಬ್ಯಾಕ್ಟೀರಿಯಾ ತುಂಬಿ ನೋಡೋಕೆ ಕಷ್ಟ, ಕಾಗದದಲ್ಲಿ ಸುತ್ತಿ ಅದೇ ದಿನ ತಲುಪಿಸಿ. ಪೊಟ್ಟಣದ ಮೇಲೆ ಮೊಟ್ಟೆಯ ಲಾಟ್ ನಂಬರ್, ತಳಿ, ಚಾಕಿ ಕಟ್ಟಿದ ದಿನಾಂಕ ಬರೆಯಿರಿ. ಲಾಟ್ ನಂಬರ್ ಇದ್ದರೆ ಅದೇ ಲಾಟಿನ ಮೊಟ್ಟೆ ಪಡೆದ ಬೇರೆ ರೈತರನ್ನೂ ಎಚ್ಚರಿಸಬಹುದು. ಮೈಸೂರಿನವರು ಮಾನಂದವಾಡಿ ರಸ್ತೆಯ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿ, ಮಂಡ್ಯದವರು ಹತ್ತಿರದ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಕ್ಕೆ ಹೋಗಿ. ಫಲಿತಾಂಶ ಬರುವವರೆಗೆ ಆ ತಟ್ಟೆ ಮುಟ್ಟಿದ ಕೈಯಲ್ಲಿ ಬೇರೆ ತಟ್ಟೆಗೆ ಸೊಪ್ಪು ಹಾಕಬೇಡಿ.